ಮುಳುಗಿದ ಭತ್ತದ ಸಸಿ ಬದುಕುವ ಬಗೆ

ಸಿದ್ದಾಪುರ, ಸಿರಸಿ ಸೀಮೆಯ ತಗ್ಗಿನ ಗದ್ದೆಗಳಲ್ಲಿ ಆಷಾಢ, ಶ್ರಾವಣದ ಮಳೆಯು ಹೆಚ್ಚಿದಾಗ ನೆಟ್ಟ ಸಸಿಗಳು ಮುಳುಗುವುದುಂಟು. ವರದಾ ನದಿಯು ಬಳಸಿ ಹರಿಯುವ ಬನವಾಸಿಯ ಸುತ್ತಣ ರೈತರಿಗೆ ಈ ಕಷ್ಟವು ಹೊಸತಲ್ಲ. ಕೆಲವು ತಳಿಗಳು ನೀರಿನಲ್ಲಿಯೇ ಕೊಳೆಯುವುವು. ಕೆಲವು ನೀರಿಳಿದೊಡನೆ ಪುನಃ ಚಿಗುರುವುವು. ಈ ಭೇದದ ಕಾರಣವನ್ನು ಜಮೀನುದಾರರು ತಿಳಿದಿದ್ದರೆ ಬೀಜದ ಆಯ್ಕೆಯಲ್ಲಿ ಮೋಸಹೋಗಲಾರರು.

ಸಸ್ಯದ ಪ್ರತಿಯೊಂದು ಜೀವಕೋಶದಲ್ಲಿ ಡಿ.ಎನ್.ಎ. ಎಂಬ, ಹುರಿಗೊಂಡ ದಾರದಂತಹ ವಸ್ತುವಿರುವುದು. ಇದನ್ನು ಕಚೇರಿಯ ದಫ್ತರಕ್ಕೆ ಹೋಲಿಸಬಹುದು. ಅದರೊಳಗಿನ ಒಂದೊಂದು ಕಾಗದವೂ ಒಂದೊಂದು ವಂಶವಾಹಿ. ಕಾಗದಗಳೆಲ್ಲವೂ ಸದಾ ಇದ್ದರೂ, ಅಪ್ಪಣೆಯಿಲ್ಲದೆ ನಕಲು ಹೊರಡದು. ನಕಲು ಹೊರಡದೆ ಕೆಲಸವೂ ನಡೆಯದು. ಅಪ್ಪಣೆಯನ್ನು ಕೊಡುವವು ‘ಪ್ರತಿಲೇಖನ ನಿಯಂತ್ರಕ’ಗಳೆಂಬ ಸಸಾರಜನಕಗಳು. ಅವು ಡಿ.ಎನ್.ಎ.ಯ ಹುರಿಯ ಸಂದಿನಲ್ಲಿ ತಮಗೆ ಒಪ್ಪುವ ಚಿಕ್ಕದೊಂದು ಅಕ್ಷರಸಾಲನ್ನು ಗುರುತಿಸಿ ಅಲ್ಲಿ ಅಂಟಿಕೊಂಡು, ನಕಲುಮಾಡುವ ಕಿಣ್ವವನ್ನು ಕರೆಯುವುವು, ಇಲ್ಲವೆ ತಡೆಯುವುವು.

ಸಸಿಯು ಮುಳುಗಿದಾಗ ಎಥಿಲೀನ್ ಎಂಬ ಅನಿಲವು ಹೊರಹೋಗಲಾರದೆ ಅದರೊಳಗೆ ತುಂಬುವುದು. ಸಾಧಾರಣ ತಳಿಯು ಆಗ ನೀರಿನ ಮೇಲಕ್ಕೆ ಬರಲು ಉದ್ದಕ್ಕೆ ಬೆಳೆದು, ಕೂಡಿಟ್ಟ ಪಿಷ್ಟವನ್ನೆಲ್ಲ ವ್ಯಯಮಾಡಿ ಬಳಲುವುದು. ಒಡಿಶಾ ಮೂಲದ ಎಫ್.ಆರ್. ೧೩ಎ ತಳಿಯಲ್ಲಿ ‘ಸಬ್ ೧ಎ’ ಎಂಬ ನಿಯಂತ್ರಕವಿರುವುದನ್ನು ವಿಜ್ಞಾನಿಗಳು ೨೦೦೬ರಲ್ಲಿ ಪ್ರಕಟಿಸಿದರು. ಎಥಿಲೀನ್ ತುಂಬಿದಾಗ ಇದು ಎಚ್ಚತ್ತು, ಬೆಳವಣಿಗೆಯನ್ನು ತಡೆಯುವ ಸಸಾರಜನಕಗಳನ್ನು ಹೆಚ್ಚಿಸುವುದು. ಸಸಿಯು ಆಹಾರವನ್ನು ಉಳಿಸಿಕೊಂಡು ಸುಮ್ಮನಿದ್ದು, ನೀರಿಳಿದ ಮೇಲೆ ಚಿಗುರುವುದು. ಆಳನೀರಿನ ಭತ್ತದಲ್ಲಿರುವ ‘ಸ್ನಾರ್ಕೆಲ್’ ನಿಯಂತ್ರಕಗಳು ೨೦೦೯ರಲ್ಲಿ ತಿಳಿದುಬಂದವು. ಇವುಗಳ ಕಾರ್ಯವು ತದ್ವಿರುದ್ಧ: ಅದೇ ಎಥಿಲೀನಿಗೆ ಓಗೊಟ್ಟು ಕಾಂಡವನ್ನು ವೇಗವಾಗಿ ನೀಳಮಾಡುವುವು.

ಸಬ್ ೧ ಗುಣವನ್ನು ಸಂಕರದ ಮೂಲಕ ಸ್ವರ್ಣ ತಳಿಗೆ ಕೂಡಿಸಿದ ‘ಸ್ವರ್ಣ-ಸಬ್ ೧’ ಭತ್ತವು ೨೦೦೯ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಬೆಳೆಯುವ ಹಂತದ ಸಸಿಯು ಪೂರ್ಣ ಮುಳುಗಿದರೂ ಸುಮಾರು ಎರಡು ವಾರ ತಾಳಬಲ್ಲುದು. ಆದರೆ ಮೊಣಕಾಲೆತ್ತರದ ನೀರು ತಿಂಗಳುಗಟ್ಟಲೆ ನಿಲ್ಲುವಲ್ಲಿ ಈ ಗುಣವು ಸಾಲದು. ಹೂಬಿಡುವ ಕಾಲದ ನೆರೆಗೂ ಇದು ಪರಿಹಾರವಲ್ಲ. ಕೆಸರು ತುಂಬಿದ ನೀರಿನಲ್ಲಿ ಸಸಿಗಳು ಉಳಿಯುವುದೂ ಕಡಮೆ.

ಆದುದರಿಂದ ಗ್ರಾಮದ ಮುಖ್ಯಸ್ಥರು ಪ್ರತಿ ಮಳೆಗಾಲವೂ ಯಾವ ಗದ್ದೆಯಲ್ಲಿ ನೀರು ಎಷ್ಟು ಆಳ, ಎಷ್ಟು ದಿನ ನಿಲ್ಲುವುದೆಂಬುದನ್ನು ಬರೆದಿಡಿಸತಕ್ಕದ್ದು. ಬೇಗ ಬಂದು ಬೇಗ ಇಳಿಯುವ ನೆರೆಗೆ ಸುಮ್ಮನಿರಬಲ್ಲ ತಳಿಯೂ, ಬಹುಕಾಲ ನಿಲ್ಲುವ ಆಳನೀರಿಗೆ ನೀಳಬಲ್ಲ ತಳಿಯೂ ಯೋಗ್ಯವಾದುವು. ಹೊಸ ಬೀಜವನ್ನು ಮೊದಲ ವರ್ಷ ಒಂದೆರಡು ಗುಂಟೆಯಲ್ಲಿ ಮಾತ್ರ ಪರೀಕ್ಷಿಸಿ, ನೆರೆಯನ್ನು ತಾಳಿಬಂದ ಊರಿನ ಹಳೆಯ ತಳಿಗಳ ಬೀಜವನ್ನೂ ಕೈಬಿಡದೆ ಕಾಯ್ದಿಡುವುದು ಕ್ಷೇಮಕರ.