ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗೆ ರಾಜಕೀಯ ಅನುಭವ ಬೇಕೇ? ಮುಖ್ಯಾಂಶಗಳು

ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧ ಪತ್ರಿಕೆಗೂ ಸಾಮಾನ್ಯ ಅಧ್ಯಯನದ ತುಲನಾತ್ಮಕ ಸಂವಿಧಾನ ಭಾಗಕ್ಕೂ ಒದಗುವ ವಿಷಯವಿದು. ‘ಬೇಕು’ ಅಥವಾ ‘ಬೇಡ’ ಎಂದು ಒಂದೇ ಮಾತಿನಲ್ಲಿ ಉತ್ತರ ಬರೆದರೆ, ಅದಕ್ಕೆ ವಿರುದ್ಧವಾದ ಉದಾಹರಣೆ ಇತಿಹಾಸದಲ್ಲೇ ಸಿಕ್ಕಿಬಿಡುತ್ತದೆ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ: ಅನುಭವ ಬೇಕು, ಆದರೆ ಅದನ್ನು ವರ್ಷಗಳ ಲೆಕ್ಕದಲ್ಲಿ ಅಳೆಯಬಾರದು. ತನ್ನ ಮಾತು ಕೇಳಲೇಬೇಕಾದ ಹಂಗಿಲ್ಲದವರನ್ನು ಒಪ್ಪಿಸಿ ಕೆಲಸ ಸಾಧಿಸಿದ ಅನುಭವ ಅಭ್ಯರ್ಥಿಗೆ ಇದೆಯೇ? ಕೇಳಬೇಕಾದದ್ದು ಇದನ್ನು.

ಸಂವಿಧಾನ ಕೇಳುವುದು ಎಷ್ಟು?

• 2ನೇ ವಿಧಿಯ ಪ್ರಕಾರ ಅರ್ಹತೆಗಳು ಮೂರೇ: ಹುಟ್ಟಿನಿಂದ ಅಮೆರಿಕದ ಪ್ರಜೆಯಾಗಿರಬೇಕು, ಕನಿಷ್ಠ 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸವಿರಬೇಕು.
• ಹಿಂದೆ ಯಾವುದಾದರೂ ಹುದ್ದೆ ನಿರ್ವಹಿಸಿರಬೇಕು ಎಂಬ ಷರತ್ತಿಲ್ಲ. ವಿದ್ಯಾರ್ಹತೆಯೂ ಇಲ್ಲ.
• 1951ರಲ್ಲಿ ಅಂಗೀಕಾರಗೊಂಡ 22ನೇ ತಿದ್ದುಪಡಿಯಂತೆ ಒಬ್ಬರು ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಅಂದರೆ ಈ ಹುದ್ದೆಯಲ್ಲೇ ಗಳಿಸಿದ ಅನುಭವವನ್ನು ಎಷ್ಟು ಕಾಲ ಬಳಸಬಹುದು ಎಂಬುದಕ್ಕೆ ಸಂವಿಧಾನವೇ ಮಿತಿ ಹಾಕಿದೆ.

ಶ್ವೇತಭವನಕ್ಕೆ ಯಾವ ಹುದ್ದೆಯಿಂದ?

ಆರಂಭದ ದಶಕಗಳಲ್ಲಿ ವಿದೇಶಾಂಗ ಕಾರ್ಯದರ್ಶಿಯ ಹುದ್ದೆಯೇ ಮುಖ್ಯ ಮೆಟ್ಟಿಲಾಗಿತ್ತು. ಜೆಫರ್ಸನ್, ಮ್ಯಾಡಿಸನ್, ಮನ್ರೊ, ಜಾನ್ ಕ್ವಿನ್ಸಿ ಆಡಮ್ಸ್, ವ್ಯಾನ್ ಬ್ಯೂರನ್, ಬುಕ್ಯಾನನ್ ಈ ಆರೂ ಮಂದಿ ಆ ಹುದ್ದೆ ನಿರ್ವಹಿಸಿದ್ದವರು. ಬುಕ್ಯಾನನ್ ನಂತರ ಆ ದಾರಿಯಲ್ಲಿ ಯಾರೂ ಅಧ್ಯಕ್ಷರಾಗಿಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಹತ್ತಿರ ಬಂದು ಸೋತರು.

• ಸೆನೆಟ್ ಸದಸ್ಯರಾಗಿದ್ದಾಗಲೇ ಅಧ್ಯಕ್ಷರಾಗಿ ಆಯ್ಕೆಯಾದವರು ಮೂವರು: ಹಾರ್ಡಿಂಗ್ (1920), ಕೆನಡಿ (1960), ಒಬಾಮ (2008).
• ಪ್ರತಿನಿಧಿ ಸಭೆಯಿಂದ ನೇರವಾಗಿ ಬಂದವರು ಒಬ್ಬರೇ: ಗಾರ್ಫೀಲ್ಡ್ (1880).
• ಉಪಾಧ್ಯಕ್ಷರಾಗಿದ್ದಾಗಲೇ ಚುನಾವಣೆ ಗೆದ್ದವರು ನಾಲ್ವರು: ಜಾನ್ ಆಡಮ್ಸ್, ಜೆಫರ್ಸನ್, ವ್ಯಾನ್ ಬ್ಯೂರನ್, 1988ರಲ್ಲಿ ಜಾರ್ಜ್ ಎಚ್. ಡಬ್ಲ್ಯೂ. ಬುಷ್. ಅಧ್ಯಕ್ಷರ ಸಾವಿನಿಂದ ಆ ಪದವಿಗೆ ಏರಿದವರನ್ನು ಈ ಪಟ್ಟಿಗೆ ಸೇರಿಸಬೇಡಿ.
• 1976ರಿಂದ 2004ರವರೆಗೆ ಗೆದ್ದವರಲ್ಲಿ ಹಿರಿಯ ಬುಷ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ರಾಜ್ಯಗಳ ಗವರ್ನರ್‌ಗಳಾಗಿದ್ದವರು: ಕಾರ್ಟರ್, ರೇಗನ್, ಬಿಲ್ ಕ್ಲಿಂಟನ್, ಕಿರಿಯ ಬುಷ್.

ಅದಕ್ಕೆ ಮೊದಲು ಒಂದೂ ಚುನಾವಣೆ ಗೆಲ್ಲದೆ ಅಧ್ಯಕ್ಷರಾದವರು

ಐವರ ಹೆಸರು ನೆನಪಿಡಿ: ಜಕಾರಿ ಟೇಲರ್ (1848), ಯುಲಿಸಿಸ್ ಗ್ರಾಂಟ್ (1868), ಹರ್ಬರ್ಟ್ ಹೂವರ್ (1928), ಡ್ವೈಟ್ ಐಸೆನ್‌ಹೋವರ್ (1952), ಡೊನಾಲ್ಡ್ ಟ್ರಂಪ್ (2016). ಟೇಲರ್, ಗ್ರಾಂಟ್, ಐಸೆನ್‌ಹೋವರ್ ಸೇನಾಪತಿಗಳು. ಹೂವರ್ 1921ರಿಂದ 1928ರವರೆಗೆ ವಾಣಿಜ್ಯ ಕಾರ್ಯದರ್ಶಿಯಾಗಿದ್ದವರು. ಸರ್ಕಾರಿ ಹುದ್ದೆಯನ್ನಾಗಲಿ ಸೇನಾ ಸೇವೆಯನ್ನಾಗಲಿ ನಿರ್ವಹಿಸದೆ ಆಯ್ಕೆಯಾದ ಮೊದಲಿಗರು ಟ್ರಂಪ್. ಆದರೆ 2024ರ ಚುನಾವಣೆಯ ಹೊತ್ತಿಗೆ ಅವರ ಬೆನ್ನಿಗೆ ನಾಲ್ಕು ವರ್ಷದ ಅಧ್ಯಕ್ಷಗಿರಿಯೇ ಇತ್ತು. ಆದ್ದರಿಂದ ಅವರನ್ನು ‘ಅನುಭವವಿಲ್ಲದ ಅಭ್ಯರ್ಥಿ’ ಎಂದು ಬರೆಯುವಾಗ ಚುನಾವಣೆಯ ವರ್ಷ ಹೇಳಲೇಬೇಕು. ಬಿಡುವು ಕೊಟ್ಟು ಎರಡು ಅವಧಿ ಪಡೆದ ಮೊದಲ ಅಧ್ಯಕ್ಷರು ಗ್ರೋವರ್ ಕ್ಲೀವ್‌ಲ್ಯಾಂಡ್ (1885–89, 1893–97), ಟ್ರಂಪ್ ಎರಡನೆಯವರು.

ಇದೇ ದಾರಿ ಹಿಡಿದು ಸೋತವರೂ ಇದ್ದಾರೆ. 1940ರಲ್ಲಿ ಉದ್ಯಮಿ ವೆಂಡೆಲ್ ವಿಲ್ಕಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ಸೋತರು. 1992ರಲ್ಲಿ ಪಕ್ಷೇತರರಾಗಿ ನಿಂತ ಉದ್ಯಮಿ ರಾಸ್ ಪೆರೊ ಶೇ. 18.9 ಮತ ಪಡೆದರೂ ಒಂದು ಎಲೆಕ್ಟೋರಲ್ ಮತವೂ ಅವರಿಗೆ ದಕ್ಕಲಿಲ್ಲ.

ಐಸೆನ್‌ಹೋವರ್ ಅವರನ್ನು ‘ರಾಜಕೀಯ ಅರಿಯದ ಸೈನಿಕ’ ಎಂದು ಬರೆಯುವ ಪರೀಕ್ಷಾರ್ಥಿಗಳು ಬಹಳ. ಅದು ತಪ್ಪು. ಎರಡನೇ ಮಹಾಯುದ್ಧದಲ್ಲಿ ಅವರು ಮಿತ್ರಪಡೆಗಳ ಸರ್ವೋಚ್ಚ ದಂಡನಾಯಕ. ಚರ್ಚಿಲ್, ಡಿ ಗಾಲ್, ಮಾಂಟ್‌ಗೊಮರಿ ಅವರಂಥ ಗಟ್ಟಿ ವ್ಯಕ್ತಿತ್ವಗಳನ್ನು ಒಂದೇ ಗುರಿಯತ್ತ ಹಿಡಿದಿಡುವುದು ಆ ಹುದ್ದೆಯ ನಿತ್ಯದ ಕೆಲಸವಾಗಿತ್ತು. ಬರೀ ಆಜ್ಞೆ ಕೊಟ್ಟು ಆಗುವ ಕೆಲಸವಲ್ಲ ಅದು. ಅವರ ಎಂಟು ವರ್ಷಗಳಲ್ಲಿ ಆರು ವರ್ಷ ಕಾಂಗ್ರೆಸ್ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿತ್ತು. ಆದರೂ 1956ರ ಅಂತರರಾಜ್ಯ ಹೆದ್ದಾರಿ ಕಾಯ್ದೆ ಬಂತು. 1953ರ ಜುಲೈನಲ್ಲಿ ಕೊರಿಯಾ ಯುದ್ಧವಿರಾಮವಾದದ್ದೂ ಇವರ ಕಾಲದಲ್ಲೇ.

ಬುಕ್ಯಾನನ್ ಮತ್ತು ಲಿಂಕನ್

ಈ ವಿಷಯದಲ್ಲಿ ಒಂದೇ ಒಂದು ಉದಾಹರಣೆಗೆ ಜಾಗವಿದೆಯೆಂದರೆ ಈ ಜೋಡಿಯನ್ನೇ ಬರೆಯಿರಿ.

ಜೇಮ್ಸ್ ಬುಕ್ಯಾನನ್ ದೇಶ ಸುತ್ತಿ ಕೋಶ ಓದಿದವರು. ಪೆನ್ಸಿಲ್ವೇನಿಯ ಶಾಸನಸಭೆ, 1821ರಿಂದ ಹತ್ತು ವರ್ಷ ಪ್ರತಿನಿಧಿ ಸಭೆ, ರಷ್ಯಾದಲ್ಲಿ ರಾಯಭಾರ, 1834ರಿಂದ 1845ರವರೆಗೆ ಸೆನೆಟ್, 1845ರಿಂದ 1849ರವರೆಗೆ ವಿದೇಶಾಂಗ ಕಾರ್ಯದರ್ಶಿ, ಆಮೇಲೆ ಬ್ರಿಟನ್‌ನಲ್ಲಿ ರಾಯಭಾರ. ಗುಲಾಮಗಿರಿಯ ವಿಸ್ತರಣೆಯ ವಿಷಯದಲ್ಲಿ ದೇಶವನ್ನು ಸೀಳಿದ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆ 1854ರಲ್ಲಿ ಬಂದಾಗ ಅವರು ಲಂಡನ್‌ನಲ್ಲಿದ್ದರು. ಯಾವ ಬಣದ ಕೋಪಕ್ಕೂ ಗುರಿಯಾಗದೆ ಉಳಿದದ್ದೇ 1856ರಲ್ಲಿ ಅವರಿಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಗಲು ಒಂದು ದೊಡ್ಡ ಕಾರಣ. ಹುದ್ದೆಗಳ ಪಟ್ಟಿ ಉದ್ದವಿತ್ತು, ಆದರೆ ಕಾಲದ ಮುಖ್ಯ ಪ್ರಶ್ನೆಗೆ ಮುಖ ಕೊಟ್ಟು ನಿಂತ ಅನುಭವ ಆ ಪಟ್ಟಿಯಲ್ಲಿರಲಿಲ್ಲ.

1857ರ ಮಾರ್ಚ್ 4ರಂದು ಅವರು ಅಧಿಕಾರ ಸ್ವೀಕರಿಸಿದರು. ಎರಡೇ ದಿನಕ್ಕೆ ಗುಲಾಮಗಿರಿಗೆ ಬಲ ತುಂಬಿದ, ಅಲ್ಲಿನ ಸುಪ್ರೀಂ ಕೋರ್ಟಿನ ಡ್ರೆಡ್ ಸ್ಕಾಟ್ ತೀರ್ಪು ಬಂತು. ಆ ತೀರ್ಪಿಗೆ ಮುನ್ನವೇ ಅವರು ನ್ಯಾಯಮೂರ್ತಿಗಳೊಂದಿಗೆ ಪತ್ರವ್ಯವಹಾರ ನಡೆಸಿದ್ದರು. 1860ರ ಡಿಸೆಂಬರ್‌ನಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡಲು ಹೊರಟಾಗ, ರಾಜ್ಯಗಳಿಗೆ ಹೊರಹೋಗುವ ಹಕ್ಕಿಲ್ಲ, ಆದರೆ ಅವುಗಳನ್ನು ಬಲದಿಂದ ತಡೆಯುವ ಅಧಿಕಾರ ಒಕ್ಕೂಟ ಸರ್ಕಾರಕ್ಕೂ ಇಲ್ಲ ಎಂದು ಕಾಂಗ್ರೆಸ್‌ಗೆ ತಿಳಿಸಿದರು. ಅವರು ಅಧಿಕಾರ ಬಿಡುವ ಮುನ್ನ ಏಳು ರಾಜ್ಯಗಳು ಬೇರ್ಪಡೆ ಘೋಷಿಸಿದ್ದವು. ಇತಿಹಾಸಕಾರರು ಅಧ್ಯಕ್ಷರನ್ನು ಸಾಲಾಗಿ ನಿಲ್ಲಿಸುವಾಗ ಬುಕ್ಯಾನನ್‌ಗೆ ಸಿಗುವುದು ಕೊನೆಯ ಸ್ಥಾನಗಳಲ್ಲೊಂದು.

ಅಬ್ರಹಾಂ ಲಿಂಕನ್ ಅವರದು ತೀರಾ ಚಿಕ್ಕ ಪಟ್ಟಿ: ಇಲಿನಾಯ್ ಶಾಸನಸಭೆಯಲ್ಲಿ ನಾಲ್ಕು ಅವಧಿ, ಪ್ರತಿನಿಧಿ ಸಭೆಯಲ್ಲಿ ಒಂದೇ ಅವಧಿ (1847–49), 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಸ್ಟೀಫನ್ ಡಗ್ಲಸ್ ಎದುರು ಸೋಲು. ಆಡಳಿತದ ಹುದ್ದೆಯನ್ನು ಅವರು ಕಂಡವರೇ ಅಲ್ಲ. 1860ರ ಮೇ ತಿಂಗಳಲ್ಲಿ ಷಿಕಾಗೊದ ರಿಪಬ್ಲಿಕನ್ ಸಮಾವೇಶದಲ್ಲಿ ಮೊದಲ ಸುತ್ತಿನ ಮುನ್ನಡೆ ನ್ಯೂಯಾರ್ಕ್‌ನ ಮಾಜಿ ಗವರ್ನರ್, ಸೆನೆಟರ್ ವಿಲಿಯಂ ಸೀವರ್ಡ್ ಅವರದಾಗಿತ್ತು. ಲಿಂಕನ್ ಗೆದ್ದದ್ದು ಮೂರನೇ ಸುತ್ತಿನಲ್ಲಿ.

ಗೆದ್ದ ಮೇಲೆ ಅವರು ಮಾಡಿದ್ದನ್ನು ನೋಡಿ. ತಮ್ಮೊಂದಿಗೆ ಸ್ಪರ್ಧಿಸಿ ಸೋತ ಸೀವರ್ಡ್ ಅವರಿಗೆ ವಿದೇಶಾಂಗ, ಸ್ಯಾಮನ್ ಚೇಸ್ ಅವರಿಗೆ ಖಜಾನೆ, ಎಡ್ವರ್ಡ್ ಬೇಟ್ಸ್ ಅವರಿಗೆ ಅಟಾರ್ನಿ ಜನರಲ್ ಹುದ್ದೆ ಕೊಟ್ಟರು. ತಮಗಿಲ್ಲದ ಅನುಭವವನ್ನು ಸಂಪುಟಕ್ಕೇ ಕರೆತಂದರು. ಇನ್ನೊಂದು ಮಾತು: ಲಿಂಕನ್‌ಗೆ ಅನುಭವವೇ ಇರಲಿಲ್ಲ ಎಂಬುದೂ ಪೂರ್ಣ ಸತ್ಯವಲ್ಲ. ಗುಲಾಮಗಿರಿಯ ವಿಸ್ತರಣೆ ಕುರಿತು ಡಗ್ಲಸ್ ಜೊತೆ ನಡೆಸಿದ ಏಳು ಬಹಿರಂಗ ಚರ್ಚೆಗಳಲ್ಲಿ ಅವರು ಮುಖ್ಯ ಪ್ರಶ್ನೆಯನ್ನು ಜನರೆದುರು ನಿಂತು ಎದುರಿಸಿದ್ದರು. ಬುಕ್ಯಾನನ್ ಅವರ ದಶಕಗಳಿಗಿಂತ ಆ ಸೋತ ಚುನಾವಣೆಯೇ ಹೆಚ್ಚು ಬೆಲೆಯ ಅನುಭವ ಎಂದು ನಾನು ನಂಬುತ್ತೇನೆ.

ಅನುಭವ ಫಲ ಕೊಟ್ಟ ಪ್ರಸಂಗ: 1964

ಕೆನಡಿ ಹತ್ಯೆಯ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ 1937ರಿಂದ ಪ್ರತಿನಿಧಿ ಸಭೆಯಲ್ಲಿ, 1949ರಿಂದ ಸೆನೆಟ್‌ನಲ್ಲಿ, 1955ರಿಂದ 1961ರವರೆಗೆ ಸೆನೆಟ್ ಬಹುಮತ ನಾಯಕರಾಗಿ ಇದ್ದವರು. ಕೆನಡಿ 1963ರಲ್ಲಿ ಪ್ರಸ್ತಾಪಿಸಿದ ನಾಗರಿಕ ಹಕ್ಕುಗಳ ಮಸೂದೆ ಅವರ ಹತ್ಯೆಯ ವೇಳೆಗೆ ಕಾಂಗ್ರೆಸ್‌ನಲ್ಲೇ ಸಿಕ್ಕಿಕೊಂಡಿತ್ತು. ಅದು 1964ರಲ್ಲಿ ಸೆನೆಟ್‌ಗೆ ಬಂದಾಗ ದಕ್ಷಿಣದ ಸೆನೆಟರ್‌ಗಳು ಕೊನೆಯಿಲ್ಲದ ಭಾಷಣಗಳಿಂದ ಮತದಾನವನ್ನೇ ತಡೆದರು. ಅದನ್ನು ಮುರಿಯಲು ಮೂರನೇ ಎರಡರಷ್ಟು ಮತ ಬೇಕಿತ್ತು. ಸ್ವಂತ ಪಕ್ಷದ ದಕ್ಷಿಣದವರು ಬರುವುದಿಲ್ಲ ಎಂಬುದು ಜಾನ್ಸನ್‌ಗೆ ಗೊತ್ತಿತ್ತು. ಹಾಗಾಗಿ ವಿರೋಧ ಪಕ್ಷದ ಸೆನೆಟ್ ನಾಯಕ ಎವರೆಟ್ ಡರ್ಕ್ಸನ್ ಅವರನ್ನು ಒಲಿಸಿಕೊಳ್ಳುವ ದಾರಿ ಹಿಡಿದರು. 1964ರ ಜೂನ್ 10ರಂದು 71–29 ಮತಗಳಿಂದ ಚರ್ಚೆ ಮುಕ್ತಾಯಗೊಂಡಿತು. ನಾಗರಿಕ ಹಕ್ಕುಗಳ ಮಸೂದೆಯೊಂದಕ್ಕೆ ಸೆನೆಟ್‌ನಲ್ಲಿ ಹೀಗಾದದ್ದು ಅದೇ ಮೊದಲು. ಜುಲೈ 2ರಂದು ಮಸೂದೆಗೆ ಸಹಿ ಬಿತ್ತು. ಮರುವರ್ಷ ಮತದಾನ ಹಕ್ಕು ಕಾಯ್ದೆಯೂ ಬಂತು. ಯಾರ ಬಾಗಿಲನ್ನು ಯಾವಾಗ ತಟ್ಟಬೇಕೆಂಬ ಅರಿವು ಶಾಸನಸಭೆಯಲ್ಲಿ ಪಳಗಿದವರಿಗಲ್ಲದೆ ಬಾರದು.

ಅದೇ ಜಾನ್ಸನ್ ವಿಯೆಟ್ನಾಂ ಯುದ್ಧವನ್ನು ಬೆಳೆಸಿ, 1968ರಲ್ಲಿ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಬೇಕಾಯಿತು. ಒಂದು ಕ್ಷೇತ್ರದ ಪಳಗಿದ ಕೈ ಇನ್ನೊಂದು ಕ್ಷೇತ್ರದಲ್ಲೂ ನಡೆಯುತ್ತದೆ ಎಂಬ ಭರವಸೆಯಿಲ್ಲ.

ಚಿಕ್ಕದಾಗಿ ಇನ್ನಷ್ಟು ಉದಾಹರಣೆಗಳು

• ಹೂವರ್: ಗಣಿ ಎಂಜಿನಿಯರ್, ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂಗೆ ಆಹಾರ ನೆರವು ಸಂಘಟಿಸಿ ಹೆಸರಾದವರು. 1929ರ ಆರ್ಥಿಕ ಕುಸಿತದ ನಂತರ ಕಾಂಗ್ರೆಸ್ಸನ್ನೂ ಜನರನ್ನೂ ಜೊತೆಗೆ ಕರೆದೊಯ್ಯಲಾಗದೆ 1932ರಲ್ಲಿ ಸೋತರು.
• ಕಾರ್ಟರ್: ಜಾರ್ಜಿಯದ ಗವರ್ನರ್; ವಾಷಿಂಗ್ಟನ್‌ಗೆ ಹೊರಗಿನವನೆಂದೇ 1976ರಲ್ಲಿ ಮತ ಕೇಳಿದರು. ಎರಡೂ ಸದನಗಳಲ್ಲಿ ಸ್ವಪಕ್ಷದ ಬಹುಮತವಿದ್ದರೂ ಸಂಬಂಧ ಹದಗೆಟ್ಟಿತು. 1978ರ ಕ್ಯಾಂಪ್ ಡೇವಿಡ್ ಒಪ್ಪಂದ ಅವರ ದೊಡ್ಡ ಸಾಧನೆ.
• ನಿಕ್ಸನ್: ಎರಡೂ ಸದನಗಳಲ್ಲಿ ಸದಸ್ಯ, ಎಂಟು ವರ್ಷ ಉಪಾಧ್ಯಕ್ಷ. 1972ರಲ್ಲಿ ಚೀನಾ ಭೇಟಿ. ವಾಟರ್‌ಗೇಟ್ ಹಗರಣದಿಂದ 1974ರ ಆಗಸ್ಟ್ 9ರಂದು ರಾಜೀನಾಮೆ. ಅನುಭವ ಶೀಲದ ಬದಲಿಯಲ್ಲ.
• ಟ್ರೂಮನ್: ಹತ್ತು ವರ್ಷ ಸೆನೆಟರ್, ಉಪಾಧ್ಯಕ್ಷರಾಗಿ 82 ದಿನ. ಅಣುಬಾಂಬ್ ಯೋಜನೆಯ ವಿವರ ತಿಳಿದದ್ದು 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷರಾದ ಮೇಲೆಯೇ.
• ಕೆನಡಿ: 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿಯಲ್ಲಿ ಮುಖಭಂಗ, 1962ರ ಅಕ್ಟೋಬರ್ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಸಲಹೆಗಾರರ ಭಿನ್ನಾಭಿಪ್ರಾಯ ಆಲಿಸಿ, ದಾಳಿಯ ಬದಲು ಸಮುದ್ರ ದಿಗ್ಬಂಧನ ಆಯ್ದರು. ಹುದ್ದೆಯಲ್ಲಿದ್ದೇ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಜರಡಿ ಹಿಡಿಯುವವರು ಯಾರು?

1830ರ ದಶಕದಿಂದ ಅಭ್ಯರ್ಥಿಯನ್ನು ಆರಿಸುತ್ತಿದ್ದದ್ದು ಪಕ್ಷದ ರಾಷ್ಟ್ರೀಯ ಸಮಾವೇಶ. ಅಲ್ಲಿ ಮುಖಂಡರ ಮಾತೇ ನಡೆಯುತ್ತಿತ್ತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರಾಥಮಿಕ ಚುನಾವಣೆಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅದರಿಂದ ಎದ್ದ ಗಲಾಟೆಯ ನಂತರ ಮೆಕ್‌ಗವರ್ನ್–ಫ್ರೇಸರ್ ಆಯೋಗ ನಿಯಮ ಬದಲಿಸಿತು. 1972ರಿಂದ ಪ್ರಾಥಮಿಕ ಚುನಾವಣೆಯ ಮತದಾರರೇ ನಿರ್ಣಾಯಕ. ಜೊತೆಯಲ್ಲಿ ಕೆಲಸ ಮಾಡಿ ಬಲ್ಲವರು ಅಭ್ಯರ್ಥಿಯನ್ನು ತೂಗುವ ವ್ಯವಸ್ಥೆ ಹೋಗಿ, ಪ್ರಚಾರದಲ್ಲಿ ಕಂಡದ್ದನ್ನು ಆಧರಿಸಿ ಜನ ತೂಗುವ ವ್ಯವಸ್ಥೆ ಬಂತು. ಇದು ಹೆಚ್ಚು ಪ್ರಜಾಸತ್ತಾತ್ಮಕ, ಅದರಲ್ಲಿ ಅನುಮಾನವಿಲ್ಲ. ಆದರೆ ವಿಫಲ ಅಧ್ಯಕ್ಷರೆನಿಸಿಕೊಂಡ ಹಾರ್ಡಿಂಗ್ ಅವರನ್ನು ಹಿಂದಿನ ಮುಖಂಡರೇ ಆರಿಸಿದ್ದರು ಎಂಬುದನ್ನೂ ಮರೆಯಬಾರದು.

2008ರಲ್ಲಿ ಒಬಾಮ ಸೆನೆಟ್‌ಗೆ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಎದುರಾಳಿ ಮೆಕೇನ್ 1987ರಿಂದ ಸೆನೆಟರ್. ಒಬಾಮ 1973ರಿಂದ ಸೆನೆಟ್‌ನಲ್ಲಿದ್ದ ಬೈಡನ್ ಅವರನ್ನು ಜೊತೆಗಾರರನ್ನಾಗಿ ಮಾಡಿಕೊಂಡು 365–173 ಎಲೆಕ್ಟೋರಲ್ ಮತಗಳಿಂದ ಗೆದ್ದರು. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 29 ಲಕ್ಷ ಹೆಚ್ಚು ಜನಮತ ಪಡೆದೂ 304–227ರಿಂದ ಸೋತರು.

ಬೇರೆ ದೇಶಗಳು

ಫ್ರಾನ್ಸ್‌ನಲ್ಲಿ ಅಭ್ಯರ್ಥಿಯಾಗಲು 500 ಚುನಾಯಿತ ಪ್ರತಿನಿಧಿಗಳ ಅನುಮೋದನೆ ಬೇಕು; ಆದರೂ 2017ರಲ್ಲಿ ಮ್ಯಾಕ್ರೋನ್ ಹಿಂದೆ ಯಾವ ಚುನಾವಣೆಯನ್ನೂ ಗೆಲ್ಲದೆ, ಎರಡು ವರ್ಷದ ಸಚಿವಗಿರಿಯ ಅನುಭವದಿಂದ ಅಧ್ಯಕ್ಷರಾದರು. ಉಕ್ರೇನ್‌ನಲ್ಲಿ 2019ರಲ್ಲಿ ನಟ ಝೆಲೆನ್ಸ್ಕಿ ಸುಮಾರು ಶೇ. 73 ಮತ ಪಡೆದರು. ದಕ್ಷಿಣ ಕೊರಿಯಾದ ಯೂನ್ ಸುಕ್ ಯೋಲ್ ವೃತ್ತಿಯಿಂದ ಪ್ರಾಸಿಕ್ಯೂಟರ್. 2022ರಲ್ಲಿ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಬಹುಮತವಿದ್ದ ವಿರೋಧ ಪಕ್ಷದೊಂದಿಗೆ ಹೊಂದಿಕೊಳ್ಳಲಾಗದೆ 2024ರ ಡಿಸೆಂಬರ್ 3ರಂದು ಸೇನಾ ಕಾನೂನು ಹೇರಿದರು. ಕೆಲವೇ ಗಂಟೆಗಳಲ್ಲಿ ರಾಷ್ಟ್ರೀಯ ಸಭೆ 190–0 ಮತಗಳಿಂದ ಅದನ್ನು ತಿರಸ್ಕರಿಸಿತು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಅವರನ್ನು ವಜಾ ಮಾಡಿತು.

ಭಾರತದ ರಾಷ್ಟ್ರಪತಿಯೊಂದಿಗೆ ಬೆರೆಸಬೇಡಿ

ಅಮೆರಿಕದ ಅಧ್ಯಕ್ಷರು ಸರ್ಕಾರದ ಮುಖ್ಯಸ್ಥರೂ ಹೌದು. ನಮ್ಮ ರಾಷ್ಟ್ರಪತಿ 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆಯ ಮೇರೆಗೆ ನಡೆಯುವವರು. 58ನೇ ವಿಧಿ ಇಲ್ಲೂ 35 ವರ್ಷವನ್ನೇ ಕೇಳುತ್ತದೆ, ಅನುಭವ ಕೇಳುವುದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಧಾಕೃಷ್ಣನ್, ವಿಜ್ಞಾನಿ ಕಲಾಂ ಈ ಹುದ್ದೆಗೆ ಬಂದದ್ದು ಅದರಿಂದಲೇ ಸುಲಭವಾಯಿತು.

ಹಾಗೆಂದು ಇಲ್ಲಿ ಅನುಭವಕ್ಕೆ ಕೆಲಸವೇ ಇಲ್ಲವೆಂದಲ್ಲ. ಜಮಖಂಡಿಯವರಾದ ಬಿ.ಡಿ. ಜತ್ತಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಡತ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. 42ನೇ ತಿದ್ದುಪಡಿ ಸಲಹೆಯನ್ನು ಕಡ್ಡಾಯಗೊಳಿಸಿದ್ದರಿಂದ ಕೊನೆಗೆ ಹಾಕಿದರು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅವಕಾಶ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಿಂದ. ರಾಯಭಾರಿ, ಸಂಸದ, ಸಚಿವ, ಉಪರಾಷ್ಟ್ರಪತಿ ಎಲ್ಲವೂ ಆಗಿ ಬಂದಿದ್ದ ಕೆ.ಆರ್. ನಾರಾಯಣನ್ ಆ ಅವಕಾಶವನ್ನು 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯ ವಿಷಯದಲ್ಲಿ ಬಳಸಿದರು. ಗುಜ್ರಾಲ್ ಸಂಪುಟ ಮತ್ತೆ ಒತ್ತಾಯಿಸಲಿಲ್ಲ. 1998ರಲ್ಲಿ ಬಿಹಾರದ ವಿಷಯದಲ್ಲೂ ಹಾಗೇ ಮಾಡಿದರು. ಕಲಾಂ 2005ರಲ್ಲಿ ಮಾಸ್ಕೊದಲ್ಲಿದ್ದಾಗ ಬಿಹಾರ ವಿಧಾನಸಭೆ ವಿಸರ್ಜನೆಗೆ ಒಪ್ಪಿಗೆ ಕೊಟ್ಟರು. ರಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಿಸರ್ಜನೆಯನ್ನು ಅಸಾಂವಿಧಾನಿಕ ಎಂದಿತು. ಮರುವರ್ಷ ಲಾಭದಾಯಕ ಹುದ್ದೆ ಮಸೂದೆ ಬಂದಾಗ ಕಲಾಂ ಅದನ್ನು ಸಂಸತ್ತಿಗೆ ಹಿಂದಿರುಗಿಸಿದರು.