ಮುಚ್ಚದ ತೂಬು: ನಾಯಿಯ ಹೃದಯದ ಒಂದು ಅಪೂರ್ವ ದೋಷ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರಿಗೆ ನಾಲೆಯ ನಿಯಮವನ್ನು ಯಾರೂ ಕಲಿಸಬೇಕಾಗಿಲ್ಲ. ಎರಡು ನಾಲೆಗಳ ನಡುವೆ ತೂಬೊಂದು ತೆರೆದಿದ್ದರೆ, ಮಟ್ಟ ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ನೀರು ಹರಿಯುತ್ತದೆ. ನಾಯಿಗಳಲ್ಲಿ ಹುಟ್ಟಿನಿಂದಲೇ ಬರುವ ಒಂದು ಹೃದಯದೋಷವನ್ನು ತಿಳಿಯಲು ಈ ನಿಯಮವೇ ಕೀಲಿಕೈ.

ಗರ್ಭದಲ್ಲಿರುವ ಮರಿಯು ಉಸಿರಾಡುವುದಿಲ್ಲ. ಆದುದರಿಂದ ಶ್ವಾಸಕೋಶದತ್ತ ಹೊರಟ ರಕ್ತದ ಬಹುಭಾಗವು ಒಂದು ಕಿರುನಾಳದ ಮೂಲಕ ಮಹಾಪಧಮನಿಯನ್ನು ಸೇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳವು ಮುಚ್ಚಿಹೋಗಬೇಕು. ಮುಚ್ಚದಿದ್ದರೆ, ಒತ್ತಡ ಹೆಚ್ಚಿರುವ ಮಹಾಪಧಮನಿಯಿಂದ ರಕ್ತವು ಶ್ವಾಸಕೋಶದ ಕಡೆಗೆ ನುಗ್ಗುತ್ತದೆ. ಎಡ ಮುಂಗಾಲಿನ ಸಂದಿಯಲ್ಲಿ ಸ್ಟೆತೊಸ್ಕೋಪನ್ನಿಟ್ಟರೆ, ಯಂತ್ರ ತಿರುಗುವಂತಹ ಎಡೆಬಿಡದ ಮೊರೆತವು ಕೇಳಿಸುತ್ತದೆ. ತೊಡೆಯ ನಾಡಿಯು ಬೆರಳಿಗೆ ಪುಟಿಯುತ್ತದೆ. ಕಾಲಕ್ಕೆ ಸರಿಯಾಗಿ ನಾಳವನ್ನು ಮುಚ್ಚಿದರೆ ಇಂತಹ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ.

ಇದೇ ದೋಷಕ್ಕೆ ಅಪೂರ್ವವಾದ ಇನ್ನೊಂದು ಮುಖವುಂಟು. ಕೆಲವು ಮರಿಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಕಿರಿದಾಗಿದ್ದು, ಅಲ್ಲಿಯ ಒತ್ತಡವೇ ಮೇಲಾಗುತ್ತದೆ. ಆಗ ಹರಿವು ತಿರುಗಿ, ಆಮ್ಲಜನಕ ಕಡಮೆಯಿರುವ ರಕ್ತವು ಮಹಾಪಧಮನಿಗೆ ಬೆರೆಯುತ್ತದೆ. ವಿಚಿತ್ರವೆಂದರೆ, ಆಗ ಮೊರೆತವು ಸಾಮಾನ್ಯವಾಗಿ ಕೇಳಿಸುವುದೇ ಇಲ್ಲ! ಹಾಗಾದರೆ ಪತ್ತೆ ಹೇಗೆ?

ತಲೆಗೂ ಮುಂಗಾಲುಗಳಿಗೂ ಹೋಗುವ ಕವಲುಗಳು ಈ ನಾಳಕ್ಕಿಂತ ಮೊದಲೇ ಒಡೆಯುತ್ತವೆ. ಆದುದರಿಂದ ಒಸಡು ಕೆಂಪಾಗಿಯೇ ಇದ್ದು, ಜನನಾಂಗದ ಒಳಪೊರೆ ಮಾತ್ರ ನೀಲಿಯಾಗಿರುತ್ತದೆ. ಓಡುತ್ತಿದ್ದ ನಾಯಿಯ ಹಿಂಗಾಲುಗಳು ಕುಸಿಯುತ್ತವೆ. ಆಮ್ಲಜನಕದ ಕೊರತೆಯನ್ನರಿತ ಮೂತ್ರಪಿಂಡಗಳ ಪ್ರೇರಣೆಯಿಂದ ಕೆಂಪುಕಣಗಳು ಹೆಚ್ಚುತ್ತವೆ. ಆರೋಗ್ಯವಂತ ನಾಯಿಯಲ್ಲಿ ರಕ್ತದ ಸುಮಾರು ಶೇಕಡ 37ರಿಂದ 55ರಷ್ಟಿರುವ ಈ ಕಣಗಳ ಪಾಲು 65ನ್ನೂ ಮೀರಿ, ರಕ್ತವು ಮಂದವಾಗುತ್ತದೆ.

ಸಂದೇಹವನ್ನು ನಿವಾರಿಸಲು ಸರಳವಾದ ಪರೀಕ್ಷೆಯೊಂದಿದೆ. ಲವಣದ್ರಾವಣವನ್ನು ಚೆನ್ನಾಗಿ ಕುಲುಕಿ, ಸೂಕ್ಷ್ಮಗುಳ್ಳೆಗಳೆದ್ದ ಕೂಡಲೆ ಮುಂಗಾಲಿನ ಅಭಿಧಮನಿಗೆ ಚುಚ್ಚುತ್ತಾರೆ. ಸಾಮಾನ್ಯವಾಗಿ ಈ ಗುಳ್ಳೆಗಳು ಶ್ವಾಸಕೋಶದಲ್ಲಿಯೇ ಸೋಸಿಹೋಗುತ್ತವೆ. ಶ್ರವಣಾತೀತ ಧ್ವನಿಯ ಉಪಕರಣದಲ್ಲಿ ನೋಡುವಾಗ, ಹೃದಯದ ಎಡಭಾಗದಲ್ಲಿ ಕಾಣದ ಗುಳ್ಳೆಗಳು ಹೊಟ್ಟೆಯ ಮಹಾಪಧಮನಿಯಲ್ಲಿ ಕಂಡರೆ, ಅಡ್ಡದಾರಿಯು ಸಿಕ್ಕಿತೆಂದೇ ಅರ್ಥ.

ಇಷ್ಟೊಂದು ಎಚ್ಚರಿಕೆ ಏಕೆ? ಹರಿವು ತಿರುಗಿದ ಮೇಲೆ ಆ ನಾಳವೇ ಒತ್ತಡವನ್ನಿಳಿಸುವ ಕೋಡಿಯಾಗುತ್ತದೆ. ಕೋಡಿಯನ್ನು ಕಟ್ಟಿದರೆ ಹೃದಯದ ಬಲಭಾಗವು ಸೋತು, ನಾಯಿಯು ಸಾಯುತ್ತದೆ. ಆಗ ರಕ್ತವನ್ನು ಮಿತವಾಗಿ ತೆಗೆದು ತೆಳುಗೊಳಿಸುವುದೇ ಮುಖ್ಯ ಚಿಕಿತ್ಸೆ. ಒಂದು ನಾಯಿಯನ್ನು ಉಳಿಸುವ ಶಸ್ತ್ರಕ್ರಿಯೆಯೇ ಇನ್ನೊಂದನ್ನು ಕೊಲ್ಲಬಲ್ಲುದು. ಆದುದರಿಂದ ತೂಬು ತೆರೆದಿದೆಯೆಂದು ತಿಳಿದರೆ ಸಾಲದು. ನೀರು ಯಾವ ಕಡೆಗೆ ಹರಿಯುತ್ತಿದೆಯೆಂಬುದನ್ನೂ ತಿಳಿಯಬೇಕು.