ಮಹಾಪ್ರಬಂಧ ಮುಗಿಸಿ, ಆಮೇಲೂ ಬರೆಯಿರಿ

ಕನ್ನಡ, ಇತಿಹಾಸ, ಜಾನಪದ ವಿಭಾಗಗಳಲ್ಲಿ ಕೋರ್ಸ್‌ವರ್ಕ್ ಮುಗಿಸಿ, ಊರೂರು ತಿರುಗಿ, ಚೀಲದ ತುಂಬ ಟಿಪ್ಪಣಿ ಹೊತ್ತು ಬಂದು, ಕೊನೆಯ ಎರಡು ಅಧ್ಯಾಯದ ಮುಂದೆ ಕೂತುಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಸಾಮಗ್ರಿ ಸಾಲದೆ ನಿಂತವರು ಕಡಿಮೆ, ಹೆಚ್ಚಾಗಿ ನಿಂತವರೇ ಜಾಸ್ತಿ. ಈ ಬರಹ ಅವರಿಗೆ.

ಹಂತ 1: ಕಡತ ನೋಡಿ

ಯುಜಿಸಿಯ 2022ರ ನಿಯಮಾವಳಿಯಂತೆ ಕೋರ್ಸ್‌ವರ್ಕ್ ಸೇರಿ ಪಿಎಚ್‌.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷದ ಅವಕಾಶವಿದೆ. ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿರಬೇಕು ಎಂಬುದು 2016ರ ನಿಯಮ. 2022ರದ್ದರಲ್ಲಿ ಆ ಕಡ್ಡಾಯ ಇಲ್ಲ. ನಿಮ್ಮ ನೋಂದಣಿ ಯಾವುದರ ಅಡಿ ಬರುತ್ತದೆ, ನಿಮ್ಮ ವಿಶ್ವವಿದ್ಯಾಲಯ ತನ್ನದೇನಾದರೂ ಸೇರಿಸಿಕೊಂಡಿದೆಯೇ ಎಂದು ಕಚೇರಿಯಲ್ಲಿ ಕೇಳಿ, ಸುತ್ತೋಲೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಹಾಸ್ಟೆಲಿನ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಹಂತ 2: ಕತ್ತರಿಸಿ

ಮುಗಿಸುವುದೆಂದರೆ ಬಹುಪಾಲು ಇದೇ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಅವರ ಪಿಎಚ್‌.ಡಿ. ಪ್ರಬಂಧವೇ. ಶಾಸನಗಳು ಸಾವಿರಾರು, ‘ಸಂಸ್ಕೃತಿ’ ಎಂಬುದಕ್ಕೆ ಎಲ್ಲೆಯೇ ಇಲ್ಲ. ಅವರು ಕ್ರಿ.ಶ. 450ರಿಂದ 1150 ಎಂದು ಗೆರೆ ಎಳೆದುಕೊಂಡರು. ಅಂಥ ಗೆರೆ ನಿಮಗೂ ಬೇಕು, ಕಾಲದ್ದಾಗಲಿ, ತಾಲ್ಲೂಕಿನದ್ದಾಗಲಿ.

ಒಂದೇ ಹಾಳೆಯಲ್ಲಿ ಪ್ರತಿ ಅಧ್ಯಾಯಕ್ಕೆ ಒಂದು ಪ್ರಶ್ನೆ ಬರೆಯಿರಿ. ಶಿಕಾರಿಪುರ ತಾಲ್ಲೂಕಿನ ದಾನಶಾಸನಗಳಲ್ಲಿ ಮಹಿಳೆಯರು ಎಂಬುದು ನಿಮ್ಮ ವಿಷಯ ಎಂದುಕೊಳ್ಳಿ. ದಾನ ಕೊಟ್ಟವಳು ಯಾರು, ಯಾವ ಹಕ್ಕಿನಿಂದ ಕೊಟ್ಟಳು, ಯಾರ ಹೆಸರಿನಲ್ಲಿ ಕೊಟ್ಟಳು ಎಂಬುವು ಪ್ರಶ್ನೆಗಳು. ಓದುತ್ತಾ ಹೋದರೆ ಬಳ್ಳಿಗಾವೆಯ ಶಾಸನಗಳಲ್ಲಿ ಭೂಮಿ ಅಳೆಯುವ ‘ಭೇರುಂಡ ಗಳೆ’ ಸಿಗುತ್ತದೆ. ಅಲ್ಲಿನ ಗಂಡಭೇರುಂಡ ಕಂಬಕ್ಕೂ ಆ ಅಳತೆಗೂ ನಂಟು ಹೇಳುತ್ತಾರೆ. ಮನಸ್ಸು ಅತ್ತ ಜಾರುತ್ತದೆ, ಮತ್ತರು, ಕಮ್ಮ, ಗಳೆ ಎಂದು ನಲವತ್ತು ಪುಟ ಬೆಳೆಯುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ನಿಮ್ಮ ಯಾವ ಪ್ರಶ್ನೆಗೂ ಉತ್ತರವಲ್ಲ. ಅದನ್ನು ಅಳಿಸಬೇಡಿ. ‘ಮುಂದೆ’ ಎಂದು ಒಂದು ಫೋಲ್ಡರ್ ಮಾಡಿ, ಆಕರದ ವಿವರ ಸಮೇತ ಅದರಲ್ಲಿ ಹಾಕಿ. ಪದವಿ ಬಂದ ಮೇಲೆ ಕೈಗೆ ಬರುವ ಬಂಡವಾಳ ಅದು.

ಗೈಡ್ ಬಳಿ ಇಡೀ ಕರಡು ಹೊತ್ತುಕೊಂಡು ಹೋಗಬೇಡಿ. ‘ಸರ್, ಸೋಮವಾರ ಮೂರನೇ ಅಧ್ಯಾಯ ಕೊಡುತ್ತೇನೆ, ಹದಿನೈದು ದಿನ ಬಿಟ್ಟು ಬರಲೇ?’ ಎಂದು ದಿನ ಗೊತ್ತು ಮಾಡಿಕೊಳ್ಳಿ. ಪೀಠಿಕೆಯನ್ನು ಕಡೆಗೆ ಬರೆಯಿರಿ. ಏನು ಸಾಧಿಸಿದಿರಿ ಎಂಬುದು ನಿಮಗೂ ಆಗಲೇ ತಿಳಿಯುವುದು.

ಹಂತ 3: ಅಡಿಟಿಪ್ಪಣಿ, ಅಕ್ಷರ

‘ಎ.ಕ. 7’ ಎಂದಷ್ಟೇ ಬರೆದಿಟ್ಟ ಟಿಪ್ಪಣಿ ವರ್ಷ ಕಳೆದ ಮೇಲೆ ಕಾಟ ಕೊಡುತ್ತದೆ. ಬಿ.ಎಲ್. ರೈಸ್ ತಂದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಏಳನೇ ಸಂಪುಟ ಶಿವಮೊಗ್ಗ ಸೀಮೆಯದು. ಮೈಸೂರಿನಿಂದ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಏಳನೆಯದೆಂದರೆ ಮಂಡ್ಯ ಕಡೆಯದು. ಆವೃತ್ತಿ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ ನಾಲ್ಕೂ ಇರಲಿ. ಪರೀಕ್ಷಕರು ಮೊದಲು ತೆರೆದು ನೋಡುವುದು ಇಂಥ ಜಾಗವನ್ನೇ.

ಇನ್ನು ಟೈಪಿಂಗ್. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಸಿದ್ದರೆ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಹಳೆಯ ಫಾಂಟಿನ ಕಡತ ತಂತ್ರಾಂಶದ ಕಣ್ಣಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಬದಲಾಯಿಸಿದ ಮೇಲೆ ಅರ್ಕಾವೊತ್ತು, ಹಳಗನ್ನಡದ ಱ, ೞ ಇರುವ ಸಾಲುಗಳನ್ನೆಲ್ಲ ಮೂಲದ ಜೊತೆ ಇಟ್ಟು ಓದಿ; ಕೆಡುವುದು ಅಲ್ಲೇ.

ಕೃತಿಚೌರ್ಯ ತಪಾಸಣೆಗೆ ಯುಜಿಸಿಯ 2018ರ ನಿಯಮ: ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ ಈ ಲೆಕ್ಕಕ್ಕೆ ಬರುವುದಿಲ್ಲ.

ಹಂತ 4: ಸಲ್ಲಿಕೆ, ವೈವಾ

ಸಲ್ಲಿಸುವ ಮುನ್ನ ಸಲಹಾ ಸಮಿತಿಯ ಎದುರು ಮಂಡನೆ ಇರುತ್ತದೆ. ಅಲ್ಲಿ ಬಂದ ಸಲಹೆಗಳನ್ನು ಸ್ವತಃ ಬರೆದುಕೊಳ್ಳಿ. ಆಮೇಲೆ ಪ್ರಬಂಧ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರ ಕೈಗೆ ಹೋಗುತ್ತದೆ. ವರದಿ ಬಂದು ವೈವಾ ಆಗುವಷ್ಟರಲ್ಲಿ ತಿಂಗಳುಗಟ್ಟಲೆ ಹಿಡಿಯಬಹುದು. ಆ ಹೊತ್ತನ್ನು ಕಾಯುತ್ತಾ ಕಳೆಯಬೇಡಿ, ‘ಮುಂದೆ’ ಫೋಲ್ಡರ್ ತೆರೆಯಿರಿ. ವೈವಾದಲ್ಲಿ ‘ಇದನ್ನೇಕೆ ಬಿಟ್ಟಿರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡನೇ ಹಂತದಲ್ಲಿ ಎಳೆದ ಗೆರೆಯೇ ಅದಕ್ಕೆ ಉತ್ತರ.

ಪ್ರಬಂಧದ ವಿದ್ಯುನ್ಮಾನ ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾಕ್ಕೆ ಹೋಗುತ್ತದೆ. ನಿಮ್ಮದನ್ನು ಇನ್ನು ಯಾರು ಬೇಕಾದರೂ ಓದಬಹುದು. ಅಡಿಟಿಪ್ಪಣಿಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೂ ಸೇರಿ.

ಹಂತ 5: ಪದವಿಯ ಮರುದಿನ

ಮಹಾಪ್ರಬಂಧವನ್ನು ಹಾಗೇ ಪುಸ್ತಕ ಮಾಡುವ ಆತುರ ಬೇಡ. ‘ಸಂಶೋಧನೆಯ ವಿಧಾನ’, ‘ಪೂರ್ವಾಧ್ಯಯನಗಳ ಸಮೀಕ್ಷೆ’ ಪರೀಕ್ಷಕರಿಗಾಗಿ ಬರೆದದ್ದು, ಓದುಗನಿಗೆ ಬೇಡ. ಅವನ್ನು ತೆಗೆದು, ಪ್ರತಿ ಅಧ್ಯಾಯದ ಕೊನೆಯ ‘ಒಟ್ಟಾರೆ ಹೇಳುವುದಾದರೆ’ ಭಾಗಗಳನ್ನೂ ತೆಗೆಯಿರಿ. ಪುಸ್ತಕ ಮೂರನೇ ಒಂದು ಭಾಗ ಇಳಿದರೆ ನಷ್ಟವೇನಿಲ್ಲ.

ಅದಕ್ಕಿಂತ ಮೊದಲು ಸಣ್ಣ ಲೇಖನ ಬರೆಯಿರಿ. ಎಂ.ಎಂ. ಕಲಬುರ್ಗಿಯವರ ಪಿಎಚ್‌.ಡಿ. ಪ್ರಬಂಧ ಕವಿರಾಜಮಾರ್ಗದ ಪರಿಸರದ ಸಾಹಿತ್ಯ ಕುರಿತದ್ದು. ಅದಾದ ಮೇಲೂ ಒಂದೊಂದೇ ಶಾಸನ, ಒಂದೊಂದೇ ಸಮಸ್ಯೆ ಹಿಡಿದು ಬರೆದ ಲೇಖನಗಳು ‘ಮಾರ್ಗ’ ಸಂಪುಟಗಳಾಗಿ ಬೆಳೆದವು. ‘ಮಾರ್ಗ 4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಲೇಜಿನಲ್ಲಿ ಪಾಠ ಮಾಡುತ್ತಾ, ಮೌಲ್ಯಮಾಪನದ ನಡುವೆ ಬಿಡುವು ಹುಡುಕುವವರಿಗೆ ಒಗ್ಗುವುದೂ ಈ ಅಳತೆಯ ಕೆಲಸವೇ. ಭೇರುಂಡ ಗಳೆಯ ಆ ನಲವತ್ತು ಪುಟ ಹತ್ತಕ್ಕೆ ಇಳಿದರೆ ಮೊದಲ ಲೇಖನ ಸಿದ್ಧ.

ಎಲ್ಲಿಗೆ ಕಳಿಸುವುದು? ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು, ಹಾಗಾಗಿ ಪತ್ರಿಕೆಯ ಗುಣ ನೋಡುವ ಹೊಣೆ ನಿಮ್ಮದೇ. ಹಿಂದಿನ ಸಂಚಿಕೆ ತಂದು ಓದಿ: ಸಂಪಾದಕ ಮಂಡಳಿಯಲ್ಲಿ ನಿಮ್ಮ ವಿಷಯ ಬಲ್ಲವರು ಇದ್ದಾರೆಯೇ? ಹಣ ಕಟ್ಟಿದರೆ ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವವರಿಂದ ದೂರವಿರಿ.

ಪದವಿಯ ಜೊತೆಗೆ ಇಲ್ಲವಾಗುವುದು ಕರಡು ಓದುವ ಗೈಡ್. ಅವರ ಜಾಗಕ್ಕೆ ಇಬ್ಬರನ್ನು ಹುಡುಕಿಕೊಳ್ಳಿ, ಒಬ್ಬರು ನಿಮ್ಮ ವಿಭಾಗದ ಹೊರಗಿನವರಾಗಿರಲಿ. ಅವರ ಕರಡನ್ನು ನೀವೂ ಓದಿಕೊಡಿ.